ಲಿಂಗ ಕಟ್ಟಿದ ಕೂಸಿಗೆ ಪೂರ್ವಕರ್ಮದ ಮಾತೇಕೆ?

ವೀರಶೈವ ಧರ್ಮದಲ್ಲಿ ಲಿಂಗಸಂಬಂಧವೆಂಬುದು ಮನುಷ್ಯನಿಗೆ ಬುದ್ಧಿ ಬಲಿತ ಮೇಲೆ ಆಗುವಂಥದಲ್ಲ. ಎಂಟನೆಯ ತಿಂಗಳಲ್ಲಿ ಗರ್ಭದೊಳಗಿನ ಶಿಶುವಿಗೇ ಲಿಂಗಧಾರಣೆ ಮಾಡುವ ಸಂಸ್ಕಾರವನ್ನು ನಮ್ಮ ಪೂರ್ವಾಚಾರ್ಯರು ಹೇಳಿದ್ದಾರೆ. ಕೂಸು ಹುಟ್ಟಿದ ಮೇಲೆ ಗುರುವು ಮನೆಗೆ ದಯಮಾಡಿಸಿ, ಅದರ ಹಣೆಗೆ ವಿಭೂತಿ ಧರಿಸಿ, ಲಿಂಗ ಕಟ್ಟಿ, ಕಿವಿಯಲ್ಲಿ ಪಂಚಾಕ್ಷರಿಯನ್ನು ಉಸುರುತ್ತಾನೆ. ಆ ಹೊತ್ತಿನಲ್ಲಿ ಈ ಕೂಸು ಮುಂದೆ ಮಾತನಾಡೀತೇ, ಶಾಲೆ ಕಲಿತೀತೇ, ನಾಲ್ಕು ಜನರ ನಡುವೆ ಸರಿಯಾಗಿ ಕುಳಿತೀತೇ ಎಂದು ಯಾವ ಗುರುವೂ ಕೇಳುವುದಿಲ್ಲ. ಹಾಗೆ ಕೇಳುವ ಅಧಿಕಾರವನ್ನು ಶಾಸ್ತ್ರವು ಅವನಿಗೆ ಕೊಟ್ಟಿಲ್ಲ.

ಆದರೆ ಅದೇ ಕೂಸು ಮೂರು ವರ್ಷ ತುಂಬಿದರೂ ‘ಅವ್ವಾ’ ಎನ್ನದೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡದೆ, ದಿನವಿಡೀ ಬಂಡಿಯ ಗಾಲಿಯನ್ನೋ ಫ್ಯಾನಿನ ರೆಕ್ಕೆಯನ್ನೋ ನೋಡುತ್ತ ಕುಳಿತರೆ ಮನೆಯವರ ಬಾಯಲ್ಲಿ ಬೇರೆಯೇ ಮಾತು ಹುಟ್ಟುತ್ತದೆ. ಮಠಕ್ಕೆ ಬಂದು ನಮ್ಮ ಮುಂದೆ ಕುಳಿತು ಅವರು ಕೇಳುವ ಮೊದಲ ಪ್ರಶ್ನೆ ‘ಇದಕ್ಕೇನು ಮಾಡಬೇಕು’ ಎಂಬುದಲ್ಲ. ‘ಅಜ್ಜಾರ, ಹಿಂದಿನ ಜನ್ಮದಾಗ ನಾವೇನು ಪಾಪ ಮಾಡಿದ್ವಿ, ಹೇಳ್ರಿ’ ಎಂಬುದು. ಈ ಪ್ರಶ್ನೆ ಅವರ ಒಡಲ ಸಂಕಟದಿಂದ ಬಂದದ್ದು ನಿಜ. ಆದರೆ ಅದನ್ನು ಅವರ ಬಾಯಿಗೆ ಹಾಕಿಕೊಟ್ಟವರು ಓಣಿಯ ಹಿರಿಯರು, ನೆಂಟರಿಷ್ಟರು, ಕೆಲವು ಸಲ ಕಾವಿ ತೊಟ್ಟವರು ಕೂಡ. ಆದಕಾರಣ ಇಂದಿನ ಈ ಮಾತುಗಳನ್ನು ಆ ತಂದೆತಾಯಿಗಳಿಗಿಂತ ಹೆಚ್ಚಾಗಿ ಕಟ್ಟೆಯ ಮೇಲೆ ಕುಳಿತ ನಮ್ಮ ಹಿರಿಯ ಭಕ್ತರನ್ನು ಉದ್ದೇಶಿಸಿಯೇ ಬರೆಯುತ್ತಿದ್ದೇವೆ.

ಇಂಥ ಮಕ್ಕಳ ಸ್ಥಿತಿಗೆ ವೈದ್ಯರು ಬೇರೆ ಬೇರೆ ಹೆಸರುಗಳನ್ನು ಕೊಟ್ಟಿದ್ದಾರೆ. ಮಾತು, ಕಣ್ಣೋಟ, ಒಡನಾಟ ಇವುಗಳಲ್ಲಿ ತನ್ನದೇ ಬೇರೆ ರೀತಿಯುಳ್ಳ, ದಿನಚರಿ ಒಂದಿಷ್ಟು ತಪ್ಪಿದರೂ ಕಂಗಾಲಾಗುವ ಸ್ಥಿತಿಯನ್ನು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ರೂಢಿಗೆ ಬಂದಿದೆ. ಕುಳಿತಲ್ಲಿ ಕೂಡಲಾಗದ, ಒಂದು ಕೆಲಸದ ಮೇಲೆ ಮನಸ್ಸು ನಿಲ್ಲದ ಮಕ್ಕಳದ್ದು ಎ.ಡಿ.ಎಚ್.ಡಿ. ಎಂದು ಹೇಳುತ್ತಾರೆ. ಎಲ್ಲದರಲ್ಲೂ ಚುರುಕಾಗಿದ್ದು ಅಕ್ಷರವೊಂದು ಮಾತ್ರ ಹತ್ತದ ಮಕ್ಕಳೂ ಇದ್ದಾರೆ. ಬುದ್ಧಿಯ ಬೆಳವಣಿಗೆಯೇ ನಿಧಾನವಾದವರೂ ಇದ್ದಾರೆ. ಹಳ್ಳಿಯಲ್ಲಿ ಇವರೆಲ್ಲರಿಗೂ ‘ಹುಚ್ಚ’, ‘ಮಳ್ಳ’ ಎಂಬ ಎರಡೇ ಹೆಸರುಗಳು. ಇವೆಲ್ಲ ಮಿದುಳು ಬೆಳೆಯುವ ರೀತಿಗೆ ಸಂಬಂಧಪಟ್ಟವು, ಬಹುಮಟ್ಟಿಗೆ ಕೂಸು ಹುಟ್ಟುವ ಮೊದಲೇ ಬೇರು ಬಿಟ್ಟಂಥವು. ಗಾಳಿ ಸೋಕಿ ಬಂದವಲ್ಲ. ಗ್ರಹಣದ ದಿನ ತಾಯಿ ಹೊರಗೆ ಬಂದದ್ದರಿಂದ ಆದವಲ್ಲ. ಲಸಿಕೆ ಹಾಕಿಸಿದ್ದರಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಮಾತನ್ನು 2010ರಲ್ಲಿ ಆ ಪತ್ರಿಕೆಯೇ ಹಿಂದಕ್ಕೆ ಪಡೆಯಿತು. ಆ ಭಯದಿಂದ ಲಸಿಕೆ ತಪ್ಪಿಸುವವರು ಕೂಸಿಗೆ ಇನ್ನೊಂದು ಕಂಟಕವನ್ನು ತಂದಿಡುತ್ತಾರೆ.

ಇನ್ನು ಶಾಸ್ತ್ರದ ಮಾತು. ವೀರಶೈವರಲ್ಲಿ ಪೂರ್ವಾಶ್ರಯ ನಿರಸನವೆಂಬ ತತ್ವವಿದೆ. ಲಿಂಗವನ್ನು ಧರಿಸಿದವನ ಹಿಂದಿನ ಕುಲವನ್ನು, ಹಿಂದಿನ ಸ್ಥಿತಿಯನ್ನು ಎತ್ತಿ ಆಡುವುದು ಅಪರಾಧ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗಧಾರಿಗೆ ಇಲ್ಲವೆಂದು ನಾವು ಪ್ರವಚನಗಳಲ್ಲಿ ಸಾರಿ ಸಾರಿ ಹೇಳುತ್ತೇವೆ, ನೀವೂ ತಲೆದೂಗುತ್ತೀರಿ. ಆಣವ, ಮಾಯಾ, ಕಾರ್ಮಿಕವೆಂಬ ಮಲತ್ರಯಗಳನ್ನು ಕಳೆಯುವುದೇ ದೀಕ್ಷೆಯ ಪ್ರಯೋಜನವೆಂದು ಆಚಾರ್ಯರು ವಿವರಿಸಿದ್ದಾರೆ. ಹೀಗಿರುವಾಗ ಲಿಂಗ ಕಟ್ಟಿದ ಕೂಸಿನ ಮುಂದೆ ನಿಂತು ‘ಇದು ಯಾವ ಜನ್ಮದ ಕರ್ಮವೋ’ ಎನ್ನುವವನು ಕೂಸನ್ನಷ್ಟೇ ನಿಂದಿಸುವುದಿಲ್ಲ, ಅದರ ಕೊರಳಲ್ಲಿರುವ ಲಿಂಗವನ್ನೇ ಅಲ್ಲಗಳೆಯುತ್ತಾನೆ. ಹುಟ್ಟಿನ ಸೂತಕವನ್ನೇ ಒಪ್ಪದ ಧರ್ಮದಲ್ಲಿ ಹಿಂದಿನ ಹುಟ್ಟಿನ ಸೂತಕವನ್ನು ಹೊರಿಸುವುದು ಎಂಥ ಶಿವಾಚಾರ?

ಇದಕ್ಕೆ ಓದಿಕೊಂಡ ಹಿರಿಯರೊಬ್ಬರು ಒಮ್ಮೆ ನಮಗೆ ಎದುರು ಮಾತು ಹೇಳಿದರು: ‘ಬುದ್ಧಿ, ಸಂಚಿತ ಸುಟ್ಟು ಹೋಗತದ, ಆಗಾಮಿ ಅಂಟೂದಿಲ್ಲ, ಪ್ರಾರಬ್ಧ ಮಾತ್ರ ಉಂಡೇ ತೀರಬೇಕಲ್ಲರಿ?’ ಮಾತು ತೂಕದ್ದೇ. ಆದರೆ ಪ್ರಸಾದಿಸ್ಥಲವನ್ನು ತಿಳಿದವನಿಗೆ ಇದರ ಉತ್ತರವೂ ತಿಳಿದಿರಬೇಕು. ಶಿವನಿಗೆ ಅರ್ಪಿಸಿ ಬಂದದ್ದೆಲ್ಲ ಪ್ರಸಾದ. ತಾಟಿನಲ್ಲಿ ಬಿದ್ದ ಪ್ರಸಾದವನ್ನು ಇದು ಸಿಹಿ, ಇದು ಸಪ್ಪೆ ಎಂದು ಬೇರ್ಪಡಿಸುವ ರೂಢಿ ನಮ್ಮಲ್ಲಿಲ್ಲ. ಆ ಕೂಸೂ ಹಾಗೆ ಬಂದ ಪ್ರಸಾದ. ಪ್ರಾರಬ್ಧವೆಂದು ಹೇಳಿ ಕೈತೊಳೆದುಕೊಳ್ಳಲು ಅಲ್ಲಿ ಎಡೆಯೆಲ್ಲಿ? ಆದರೆ ಒಂದು ಎಚ್ಚರಿಕೆ. ಆರು ತಿಂಗಳಿಂದ ನಿದ್ದೆ ಕಾಣದ ತಾಯಿಯ ಎದುರು ಹೋಗಿ ‘ಇದು ಶಿವನ ಪ್ರಸಾದ, ಸಂತೋಷಪಡವ್ವಾ’ ಎಂದು ಉಪದೇಶ ಮಾಡುವ ಚಪಲ ಬೇಡ. ಹಾಗೆ ಹೇಳಬೇಕೆನ್ನುವವರು ಮೊದಲು ಒಂದು ದಿನ, ಸೂರ್ಯೋದಯದಿಂದ ರಾತ್ರಿಯವರೆಗೆ, ಆ ಕೂಸನ್ನು ತಾವು ನೋಡಿಕೊಂಡು ಆಮೇಲೆ ಹೇಳಲಿ.

ದೀಕ್ಷೆಯ ಮಾತು ಬಂದದ್ದರಿಂದ ಇದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ‘ಇದಕ್ಕ ಮಂತ್ರ ಅನ್ನಾಕ ಬರೂದಿಲ್ಲ, ಇದಕ್ಯಾಕ ದೀಕ್ಷಾ’ ಎಂದು ಅಣ್ಣತಮ್ಮಂದಿರಿಗೆಲ್ಲ ದೀಕ್ಷೆ ಕೊಡಿಸಿ ಒಂದು ಮಗುವನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರುವವರಿದ್ದಾರೆ. ಮಂತ್ರೋಪದೇಶವಾಗುವುದು ಕಿವಿಗೆ. ನಾಲಗೆಯ ಪರೀಕ್ಷೆ ಮಾಡಿ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ಆ ಮಗುವನ್ನೂ ಕರೆತನ್ನಿ. ಐದು ಗಳಿಗೆ ಕುಳಿತರೆ ಐದು ಗಳಿಗೆ, ಎದ್ದು ಓಡಾಡಿದರೆ ಅದರ ಹಿಂದೆ ನಾವೂ ಎದ್ದು ಹೋಗಿ ವಿಭೂತಿ ಹಚ್ಚುತ್ತೇವೆ.

ಕರ್ಮದ ಮಾತು ಮುಗಿದಲ್ಲಿಗೆ ತಾಯಿಯ ಮೇಲಿನ ದೋಷಾರೋಪಣೆ ಸುರುವಾಗುತ್ತದೆ. ಸೊಸೆ ಬಸುರಿದ್ದಾಗ ಏನು ತಿಂದಳು, ಎಲ್ಲಿ ಹೋದಳು, ಕೂಸಿಗೆ ಮೊಬೈಲು ಕೊಟ್ಟು ಕೆಡಿಸಿದಳು, ಎತ್ತಿ ಆಡಿಸಲಿಲ್ಲ. ಈ ಅನ್ಯಾಯ ನಮ್ಮ ಓಣಿಯ ಅತ್ತೆಯಂದಿರದು ಮಾತ್ರವೆಂದು ತಿಳಿಯಬೇಕಾಗಿಲ್ಲ. 1943ರಲ್ಲಿ ಅಮೇರಿಕೆಯ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಪರಿಶೀಲಿಸಿ ಆಟಿಸಂ ಎಂಬುದನ್ನು ಮೊದಲ ಬಾರಿಗೆ ವಿವರವಾಗಿ ಬರೆದರು. ಅದಾದ ಮೇಲೆ ಸುಮಾರು ಎರಡು ದಶಕಗಳ ಕಾಲ ಅಲ್ಲಿಯ ದೊಡ್ಡ ದೊಡ್ಡ ವಿದ್ವಾಂಸರೇ ತಾಯಿಯ ಮನಸ್ಸು ತಣ್ಣಗಾದದ್ದರಿಂದ, ಅವಳಲ್ಲಿ ಮಮತೆ ಇಲ್ಲದ್ದರಿಂದ ಕೂಸು ಹೀಗಾಯಿತೆಂದು ನಂಬಿದ್ದರು. ಸಾವಿರಾರು ತಾಯಂದಿರು ಆ ಕಳಂಕವನ್ನು ಹೊತ್ತು ಬದುಕಿದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬವರು ಪುಸ್ತಕವೊಂದನ್ನು ಬರೆದು, ಇದರ ಮೂಲ ಮಿದುಳಿನಲ್ಲಿದೆ, ತಾಯಿಯ ಮಮತೆಯಲ್ಲಿ ಅಲ್ಲ ಎಂದು ವಾದಿಸಿದರು. ಆತನೂ ಅಂಥ ಮಗನೊಬ್ಬನ ತಂದೆಯೇ ಆಗಿದ್ದ. ಇಂದು ವೈದ್ಯಲೋಕ ಅದನ್ನೇ ಒಪ್ಪಿದೆ. ಅಷ್ಟು ಓದಿದವರೇ ಬಿಟ್ಟ ಮಾತನ್ನು ನಾವು ಇನ್ನೂ ಹಿಡಿದುಕೊಂಡು ಕುಳಿತಿದ್ದೇವೆ.

ಅನುವಂಶದ ಪಾತ್ರ ಇಂಥ ಸ್ಥಿತಿಗಳಲ್ಲಿ ಇದೆ ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಭಾಗದಲ್ಲಿ ಬಲವಾಗಿದೆ. ಇದರಿಂದ ಬುದ್ಧಿಮಾಂದ್ಯಕ್ಕೆ ಕಾರಣವಾಗುವ ಕೆಲವು ಅನುವಂಶಿಕ ರೋಗಗಳ ಸಂಭವ ಹೆಚ್ಚುತ್ತದೆಂದು ವೈದ್ಯರು ಹೇಳುತ್ತಾರೆ. ಆಸ್ತಿ ಹೊರಗೆ ಹೋಗಬಾರದೆಂದು ಇಂಥ ಸಂಬಂಧ ಕೂಡಿಸುವವರು ಇದನ್ನು ಯೋಚಿಸಲಿ. ಆದರೆ ಕೂಡಿಸಿದವರು ಹಿರಿಯರು, ನಿಂದೆ ಕೇಳುವವಳು ಸೊಸೆ.

ಕಷ್ಟಕಾಲ ಬಂದಾಗ ಇಂಥ ಮನೆಗಳ ಸ್ಥಿತಿ ಏನಾಗುತ್ತದೆಂಬುದನ್ನು ನಾವು 2020ರಲ್ಲಿ ಹತ್ತಿರದಿಂದ ಕಂಡೆವು. ಆ ವರ್ಷ ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೊನಾ ನಿಮಿತ್ತ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಶಾಲೆ, ಅಂಗನವಾಡಿ, ಬಸ್ಸು ಎಲ್ಲ ನಿಂತವು. ಉಳಿದ ಮಕ್ಕಳಿಗೆ ಅದು ದೊಡ್ಡ ಸೂಟಿಯಾಯಿತು. ಆದರೆ ಇಂದು ನಿನ್ನೆಯಂತೆಯೇ ಇರಬೇಕು, ನಾಳೆಯೂ ಇಂದಿನಂತೆಯೇ ಇರಬೇಕು ಎಂಬುದರ ಮೇಲೆಯೇ ಮನಸ್ಸನ್ನು ಊರಿ ನಿಂತ ಮಗುವಿಗೆ ಅದು ನೆಲವೇ ಕುಸಿದಂತೆ. ನಮ್ಮ ಮಠದ ಭಕ್ತರ ಮನೆಯ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಮಾತಿಲ್ಲ. ದಿನವೂ ಮುಂಜಾನೆ ಎಂಟಕ್ಕೆ ಅಗಸಿಯ ಹತ್ತಿರ ನಿಂತು ಶಾಲೆಯ ಗಾಡಿ ಹತ್ತುವುದು ಅವನ ರೂಢಿ. ಗಾಡಿ ನಿಂತಿತು, ಅವನ ಎಂಟು ಗಂಟೆ ನಿಲ್ಲಲಿಲ್ಲ. ಚೀಲ ಹಾಕಿಕೊಂಡು ಬಾಗಿಲು ಬಡಿಯುವುದು, ಬಿಡದಿದ್ದರೆ ತಲೆಯನ್ನು ಗೋಡೆಗೆ ಹೊಡೆದುಕೊಳ್ಳುವುದು. ಮನೆಯ ಗಂಡಸರು ಮೂರು ದಿನ ಬೈದರು, ಎರಡು ದಿನ ಹೊಡೆದರು, ಒಂದು ದಿನ ಹಗ್ಗ ತಂದರು.

ಆ ಹಗ್ಗವನ್ನು ಕಸಿದುಕೊಂಡು ಅವನ ತಾಯಿ ಮಾಡಿದ ಕೆಲಸ ಯಾವ ಪುಸ್ತಕ ಓದಿ ಮಾಡಿದ್ದಲ್ಲ. ಮರುದಿನ ಎಂಟಕ್ಕೆ ತಾನೇ ಅವನ ಬೆನ್ನಿಗೆ ಚೀಲ ಹಾಕಿ, ಮೂಗು ಬಾಯಿಗೆ ಅರಿವೆ ಕಟ್ಟಿ, ಕೈ ಹಿಡಿದುಕೊಂಡು ಅಗಸಿಯವರೆಗೆ ಹೋದಳು. ಬಾರದ ಗಾಡಿಯನ್ನು ಇಬ್ಬರೂ ಕಾಲು ತಾಸು ಕಾಯ್ದರು. ಆಮೇಲೆ ಅವಳು ‘ಇವತ್ತ ಸೂಟಿ’ ಎಂದು ಎರಡೇ ಶಬ್ದ ಹೇಳಿ ಮನೆಗೆ ಕರೆತಂದಳು. ಹೀಗೆ ದಿನವೂ. ಪೊಲೀಸರು ಒಮ್ಮೆ ತಡೆದರು. ಹುಡುಗನನ್ನು ನೋಡಿ ಬಿಟ್ಟರು. ಊರವರು ನಕ್ಕರು, ತಾಯಿಗೂ ತಲೆ ಕೆಟ್ಟಿತೆಂದರು. ಹುಡುಗ ತಲೆ ಹೊಡೆದುಕೊಳ್ಳುವುದನ್ನು ಬಿಟ್ಟ. ಶಾಲೆ ಮತ್ತೆ ತೆರೆಯುವವರೆಗೂ ಆ ತಾಯಿ ಹೀಗೆಯೇ ನಡೆದಳು. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದಿದೆ, ತಾನು ಕಿರಿಯನಾಗಿ ಸೇವೆಗೆ ನಿಲ್ಲುವುದು. ಅದನ್ನು ವಿವರಿಸುವಾಗ ಈಚೆಗೆ ನಾವು ಈ ತಾಯಿಯ ದೃಷ್ಟಾಂತವನ್ನೇ ಹೇಳುತ್ತಿದ್ದೇವೆ.

2023ರ ಬರಗಾಲದಲ್ಲಿ ಇನ್ನೊಂದು ಬಗೆಯ ಸಂಕಟ. ಮುಂಗಾರು ಕೈಕೊಟ್ಟು ಮನೆಯ ಗಂಡಸರು ದುಡಿಯಲು ಗುಳೆ ಹೋದರೆ ಇಂಥ ಮಗುವನ್ನು ಏನು ಮಾಡುವುದು? ಕರೆದೊಯ್ದರೆ ಹೊಸ ಊರು, ಹೊಸ ಗುಡಿಸಲು, ಕಟ್ಟಡದ ಕೆಲಸದ ಸದ್ದು. ಬಿಟ್ಟು ಹೋದರೆ ಮುದುಕರ ಕೈಯಲ್ಲಿ. ಕೈಯಲ್ಲಿ ದುಡ್ಡಿಲ್ಲದ ಹೊತ್ತಿನಲ್ಲಿಯೇ ಮನೆಯವರ ತಾಳ್ಮೆಯೂ ತೀರುತ್ತದೆ, ಕೈ ಎತ್ತುವುದೂ ಆಗಲೇ. ಹೊಡೆದರೆ ಬುದ್ಧಿ ಬರುತ್ತದೆಂದು ನಂಬಿದ ರೈತ ಭಕ್ತರಿಗೆ ಒಂದು ಮಾತು ಕೇಳುತ್ತೇವೆ. ಎಳೆಯ ಹೋರಿಯೊಂದು ಸೇತುವೆಯ ಹತ್ತಿರ ಬೆದರಿ ನಿಂತರೆ ನೀವು ಬಾರುಕೋಲಿನಿಂದ ಹೊಡೆಯುತ್ತೀರಾ? ತಿಳಿದವನು ಹೊಡೆಯುವುದಿಲ್ಲ. ಹೊಡೆದರೆ ಬಂಡಿ ಹಳ್ಳಕ್ಕೆ ಬೀಳುತ್ತದೆಂಬುದು ಅವನಿಗೆ ಗೊತ್ತು. ಇಳಿದು, ಅದರ ಬೆನ್ನ ಮೇಲೆ ಕೈಯಿಟ್ಟು, ಬಾಯಿ ಮುಚ್ಚಿ ಸುಮ್ಮನೆ ನಿಲ್ಲುತ್ತಾನೆ. ಮಗು ಕಿರುಚಿ ನೆಲಕ್ಕೆ ಬಿದ್ದು ಹೊರಳಾಡಿದಾಗ ಅದು ಹಟವಲ್ಲ, ಬೆದರಿಕೆ. ಸುತ್ತಲಿನ ಸದ್ದನ್ನು ನಿಲ್ಲಿಸಬೇಕು, ಜನರನ್ನು ಸರಿಸಬೇಕು, ಒಬ್ಬರೇ ಹತ್ತಿರ ಇರಬೇಕು, ಕಡಿಮೆ ಮಾತನಾಡಬೇಕು, ಕಾಯಬೇಕು. ದನದ ವಿಷಯದಲ್ಲಿ ನಿಮಗಿರುವ ಈ ವಿವೇಕ ಮಕ್ಕಳ ವಿಷಯದಲ್ಲಿ ಎಲ್ಲಿಗೆ ಹೋಗುತ್ತದೆ?

ಸದ್ದಿನ ಮಾತೆತ್ತಿದ ಮೇಲೆ ಜಾತ್ರೆಯದನ್ನೂ ಹೇಳಬೇಕು. ರಥೋತ್ಸವದ ದಿನ ನಂದಿಕೋಲು, ಸಮಾಳ, ಕರಡಿ ಮಜಲು, ಮೇಲೆ ಮದ್ದಿನ ಸದ್ದು. ಕಿವಿ ಮುಚ್ಚಿಕೊಂಡು ಚೀರುವ ಹುಡುಗನನ್ನು ಕಂಡು ‘ದೇವರ ವಾದ್ಯ ಆಗೂದಿಲ್ಲಂದ್ರ ಒಳಗ ಏನೋ ಐತಿ’ ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಈಗಿನ ಧ್ವನಿವರ್ಧಕಗಳ ಸದ್ದು ನಮಗೂ ಆಗುವುದಿಲ್ಲ. ನಮ್ಮೊಳಗೆ ಏನೋ ಇದೆಯೆಂದು ಮಾತ್ರ ಯಾರೂ ಅನ್ನುವುದಿಲ್ಲ. ಇಂಥ ಅನೇಕ ಮಕ್ಕಳಿಗೆ ಸದ್ದು, ಬೆಳಕು, ಮೈಗೆ ತಾಗುವ ಅರಿವೆ ಇವೆಲ್ಲ ನಮಗಿಂತ ಎಷ್ಟೋ ಪಟ್ಟು ತೀವ್ರವಾಗಿ ಹತ್ತುತ್ತವೆ. ಮೈಗೆ ಅಂಗಿ ಚುಚ್ಚುತ್ತದೆಂದು ಅವು ಬಿಚ್ಚಿ ಎಸೆಯುತ್ತವೆ. ನಾವು ಅದನ್ನು ಲಜ್ಜೆಗೇಡಿತನವೆನ್ನುತ್ತೇವೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಮೌಢ್ಯವೂ ಉಂಟು. ಮಾತಿಲ್ಲದ, ತನ್ನಷ್ಟಕ್ಕೆ ನಗುವ ಹುಡುಗನನ್ನು ಅವಧೂತನೆಂದು ಕೂಡಿಸಿ ಹಾರ ಹಾಕುವುದು, ಕಾಯಿ ಒಡೆಯುವುದು, ಅವನ ಬೆರಳ ಸನ್ನೆಯಿಂದ ಓಸಿ ನಂಬರು ತೆಗೆಯುವುದು. ಇದನ್ನು ನಾವು ಕಣ್ಣಾರೆ ಕಂಡು ಬೈದು ಓಡಿಸಿದ್ದೇವೆ. ಮಗುವಿನ ಹಸಿವೆ, ಹೊಟ್ಟೆನೋವು, ಹಲ್ಲುನೋವು ಯಾರಿಗೂ ಬೇಡ, ನಂಬರು ಬೇಕು!

ನಮ್ಮ ಪರಂಪರೆಯಲ್ಲಿ ಸಮಾಜ ಬಿಟ್ಟ ಮಕ್ಕಳನ್ನು ಎತ್ತಿಕೊಂಡವರಿದ್ದಾರೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕ ಗದಿಗೆಯ್ಯನನ್ನೂ ಅವನ ಅಂಧ ಸಹೋದರನನ್ನೂ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಕರೆತಂದು ಸಂಗೀತ ಕಲಿಸಿದರು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಅವರ ಶಿಷ್ಯರಾಗಿ, ಎಳೆತನದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಥ ಮಕ್ಕಳನ್ನು ಸಾಕಿ ಕಲಿಸಿದರು. ಈ ಚರಿತ್ರೆಯನ್ನು ಕೇಳಿ ಭಕ್ತರು ಕಣ್ಣೀರು ಹಾಕುತ್ತಾರೆ. ಆದರೆ ಒಂದು ಸೂಕ್ಷ್ಮವನ್ನು ಮರೆಯುತ್ತಾರೆ. ಕುಮಾರ ಸ್ವಾಮಿಗಳು ಎತ್ತಿಕೊಂಡಾಗ ಆ ಬಾಲಕ ಗವಾಯಿ ಆಗಿರಲಿಲ್ಲ. ಬಡವರ ಮನೆಯ ಕಣ್ಣಿಲ್ಲದ ಮಗುವಾಗಿದ್ದ. ಇಂದು ಕೆಲವು ತಂದೆತಾಯಿಗಳು ‘ಇಂಥ ಮಕ್ಕಳಲ್ಲಿ ಏನೋ ಒಂದು ದೊಡ್ಡ ಪ್ರತಿಭೆ ಅಡಗಿರ್ತದಂತ, ನಮ್ಮದರಾಗ ಎಂದು ಹೊರಗ ಬರ್ತದ್ರಿ’ ಎಂದು ಕೇಳುತ್ತಾರೆ. ಬರಬಹುದು, ಬಾರದೆಯೂ ಇರಬಹುದು. ಹೆಚ್ಚಿನ ಮಕ್ಕಳಲ್ಲಿ ಬರುವುದಿಲ್ಲ. ಪ್ರತಿಭೆಗಾಗಿ ಕಾಯುತ್ತ ಕುಳಿತವರಿಗೆ ಮಗು ತಾನೇ ಅಂಗಿಯ ಗುಂಡಿ ಹಾಕಿಕೊಂಡ ದಿನ ಕಾಣಿಸದೆ ಹೋಗುತ್ತದೆ.

ಹಾಗಾದರೆ ಹಿರಿಯರು ಏನು ಮಾಡಬೇಕು? ದೊಡ್ಡದೇನೂ ಬೇಡ. ಆ ಮನೆಯ ಅಜ್ಜ ದಿನಕ್ಕೆ ಒಂದು ತಾಸು ಮೊಮ್ಮಗನೊಂದಿಗೆ ಇದ್ದರೆ ಸಾಕು, ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಶೇಂಗಾ ಸುಲಿಯುತ್ತಲೋ ಹಗ್ಗ ಹೊಸೆಯುತ್ತಲೋ ಇರಬಹುದು. ಮಾತನಾಡಲೇಬೇಕೆಂದಿಲ್ಲ. ಆ ಒಂದು ತಾಸು ತಾಯಿ ಮಲಗಲಿ, ಸ್ನಾನ ಮಾಡಲಿ, ಲಿಂಗಪೂಜೆಗೆ ಕುಳಿತುಕೊಳ್ಳಲಿ. ಇಷ್ಟಲಿಂಗ ಪೂಜೆ ನಿಂತು ವರ್ಷಗಳೇ ಆದವೆಂದು ನಮ್ಮ ಮುಂದೆ ಅತ್ತ ತಾಯಂದಿರಿದ್ದಾರೆ. ಅವರಿಗೆ ಪ್ರಾಯಶ್ಚಿತ್ತ ಹೇಳುವ ಬದಲು ನಾವು ಅವರ ಮಾವಂದಿರನ್ನು ಕರೆಸಿ ಮಾತನಾಡಿದ್ದೇವೆ. ಮದುವೆ, ಅಯ್ಯಾಚಾರಗಳಿಗೆ ಕರೆಯುವಾಗ ‘ಅದನ್ನ ಮನಿಯಾಗ ಬಿಟ್ಟು ಬರ್ರಿ’ ಎನ್ನುವ ಮಾತನ್ನು ನಿಲ್ಲಿಸಬೇಕು.

ಎಲ್ಲಕ್ಕಿಂತ ನಮಗೆ ನೋವು ತರುವುದು ಕನ್ಯೆ ನೋಡುವ ದಿನದ ಸಂಗತಿ. ಬೀಗರು ಬರುತ್ತಾರೆಂದು ಹುಡುಗಿಯ ತಮ್ಮನನ್ನು ಹಿತ್ತಲ ಕೋಣೆಯಲ್ಲಿಯೋ ಕೊಟ್ಟಿಗೆಯಲ್ಲಿಯೋ ಕೂಡಿ ಹಾಕಿ ಚಿಲಕ ಹಾಕುತ್ತಾರೆ. ಅವನು ಒಳಗಿಂದ ಬಾಗಿಲು ಬಡಿಯುತ್ತಿದ್ದರೆ ಹೊರಗೆ ಉಪ್ಪಿಟ್ಟು, ಚಹ ನಡೆಯುತ್ತದೆ. ಮುಚ್ಚಿಡುವವರನ್ನು ನಾವು ಅಷ್ಟಾಗಿ ದೂರುವುದಿಲ್ಲ. ಮುಚ್ಚಿಡುವಂತೆ ಮಾಡಿದವರು ಬೀಗರೇ. ಸಂಶಯವಿದ್ದವರು ವೈದ್ಯರನ್ನು ಕೇಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಮನೆಯಲ್ಲಿ ಅಂಥ ಕೂಸಿದೆ ಎಂಬ ಒಂದೇ ಕಾರಣಕ್ಕೆ ವಿಚಾರಿಸದೆ ಸಂಬಂಧ ಮುರಿದವರು ಮುಹೂರ್ತ ಕೇಳಲು ನಮ್ಮ ಮಠಕ್ಕೆ ಬರುವುದು ಬೇಡ. ಇದನ್ನು ಎಲ್ಲರಿಗೂ ತಿಳಿಯಲೆಂದೇ ಇಲ್ಲಿ ಬರೆದಿದ್ದೇವೆ. ಹಾಗೆಯೇ, ‘ಲಗ್ನಾ ಮಾಡಿದ್ರ ಸರಿಹೋಗ್ತಾನ’ ಎಂದು ಏನೂ ತಿಳಿಸದೆ ಇಂಥ ಯುವಕನಿಗೆ ಬಡವರ ಮನೆಯ ಹುಡುಗಿಯನ್ನು ತಂದು ಕಟ್ಟುವವರಿಗೂ ಇದೇ ಮಾತು.

ತಾಯತ, ಅಂತ್ರ ಬೇಡಿ ಬರುವವರಿಗೆ ನಾವು ವಿಭೂತಿ ಹಚ್ಚುತ್ತೇವೆ, ತಲೆಯ ಮೇಲೆ ಕೈಯಿಟ್ಟು ಹರಸುತ್ತೇವೆ, ಆಮೇಲೆ ದವಾಖಾನೆಯ ಚೀಟಿ ಎಲ್ಲಿ ಎಂದು ಕೇಳುತ್ತೇವೆ. ವರ್ಷ ತುಂಬಿದರೂ ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದ, ಎರಡು ವರ್ಷಕ್ಕೂ ಎರಡು ಶಬ್ದ ಕೂಡಿಸದ, ಅಥವಾ ಬಂದ ಮಾತು ಹೊರಟುಹೋದ ಕೂಸನ್ನು ‘ಅವರಪ್ಪನೂ ತಡವಾಗಿ ಮಾತಾಡಿದ್ದ’ ಎಂದು ಕಾಯುತ್ತ ಕೂಡಬಾರದು. ಮೊದಲು ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಬೇಕು. ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆದಿದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇವೆ. ಆಟಿಸಂ ಅನ್ನು ತೆಗೆದುಹಾಕುವ ಗುಳಿಗೆ ಇಲ್ಲ. ಇದೆಯೆಂದು ಮಾರುವವರನ್ನು ನಂಬಬೇಡಿ. ಆದರೆ ಬೇಗನೆ ಸುರುಮಾಡಿದ ತರಬೇತಿಯಿಂದ ಮಗು ಸನ್ನೆಯಿಂದಲೋ, ಚಿತ್ರದಿಂದಲೋ, ಮಾತಿನಿಂದಲೋ ತನ್ನ ಬೇಕುಬೇಡಗಳನ್ನು ಹೇಳಲು ಕಲಿಯಬಹುದು. ಮೂರ್ಛೆರೋಗವೂ ಜೊತೆಗಿದ್ದರೆ ಅದರ ಗುಳಿಗೆಯನ್ನು ಉಪವಾಸ ವ್ರತದ ನೆವದಿಂದ ಒಂದು ದಿನವೂ ತಪ್ಪಿಸಕೂಡದು.

ಕಾಗದಪತ್ರದ ಕೆಲಸವನ್ನೂ ಅಲಕ್ಷಿಸಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ, ಬುದ್ಧಿಮಾಂದ್ಯ, ಕಲಿಕಾ ನ್ಯೂನತೆ ಎಲ್ಲ ಸೇರಿವೆ. ಯು.ಡಿ.ಐ.ಡಿ. ಕಾರ್ಡು ಮಾಡಿಸಿಕೊಳ್ಳಲು, ಮಾಸಾಶನಕ್ಕೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿರಿ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮಗನಿಗೆ 18 ತುಂಬಿದ ಮೇಲೂ ಅವನ ಪರವಾಗಿ ಸಹಿ ಮಾಡಲು, ವ್ಯವಹಾರ ನೋಡಲು, ಆಟಿಸಂ, ಬುದ್ಧಿಮಾಂದ್ಯ ಮುಂತಾದ ಸ್ಥಿತಿಗಳಿದ್ದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕರನ್ನು ನೇಮಿಸಿಕೊಳ್ಳಬಹುದು. ಹೊಲದ ಪಾಲು ಮಾಡುವಾಗ ‘ಅವನಿಗೇನು ತಿಳೀತದ’ ಎಂದು ಅವನ ಹೆಸರನ್ನು ಬಿಟ್ಟ ಅಣ್ಣತಮ್ಮಂದಿರಿಗೆ ಇದು ಗೊತ್ತಿರಲಿ. ತಿಳಿಯದವನ ಪಾಲೂ ಪಾಲೇ.

‘ನಾವು ಹೋದ ಮ್ಯಾಲ ಇದನ್ನ ಯಾರು ನೋಡ್ತಾರ್ರಿ ಅಜ್ಜಾರ’ ಎಂಬ ಪ್ರಶ್ನೆಗೆ ನಮ್ಮಲ್ಲಿಯೂ ಪೂರ್ತಿಯಾದ ಉತ್ತರವಿಲ್ಲ. ಮಠದಲ್ಲಿ ಆದಷ್ಟು ಮಾಡುತ್ತಿದ್ದೇವೆ. ನಮ್ಮ ದಾಸೋಹದಲ್ಲಿ ಇಪ್ಪತ್ತಾರು ವರ್ಷದ ಯುವಕನೊಬ್ಬ ಪ್ರಸಾದದ ತಾಟುಗಳನ್ನು ತೊಳೆದು ಒರೆಸಿ ಜೋಡಿಸುವ ಕಾಯಕ ಮಾಡುತ್ತಾನೆ. ದೊಡ್ಡವು ಕೆಳಗೆ, ಚಿಕ್ಕವು ಮೇಲೆ, ಅಂಚು ತಟ್ಟಿದವು ಬೇರೆ. ಯಾರಾದರೂ ಅದನ್ನು ಕೆಡಿಸಿದರೆ ಸಿಟ್ಟಾಗುತ್ತಾನೆ, ನಾವೂ ಕೆಡಿಸುವುದಿಲ್ಲ. ಉಳಿದವರಿಗೆ ಕೊಡುವಷ್ಟೇ ಸಂಬಳವನ್ನು ಅವನಿಗೂ ಕೊಡುತ್ತೇವೆ. ಪುಣ್ಯಕ್ಕೆ ಇಟ್ಟುಕೊಂಡಿದ್ದೇವೆಂಬ ಮಾತನ್ನು ಮಠದಲ್ಲಿ ಯಾರೂ ಆಡಕೂಡದು. ಅವನ ತಂದೆ ತೀರಿಕೊಂಡ ಮೂರನೆಯ ದಿನವೂ ಅವನು ಹೊತ್ತಿಗೆ ಸರಿಯಾಗಿ ಬಂದ. ದುಃಖವೇ ಇಲ್ಲವೆಂದು ಕೆಲವರು ಅಂದರು. ಆ ದಿನ ಅವನು ಜೋಡಿಸಿದ ತಾಟುಗಳನ್ನು ಮತ್ತೆ ಕೆಳಗಿಳಿಸಿ, ಮತ್ತೆ ಜೋಡಿಸಿ, ಸಂಜೆಯವರೆಗೆ ಅದನ್ನೇ ಮಾಡುತ್ತಿದ್ದುದನ್ನು ನಾವು ನೋಡಿದ್ದೇವೆ.

ಬರುವ ಅಮಾವಾಸ್ಯೆಯಿಂದ ಒಂದು ವ್ಯವಸ್ಥೆ ಮಾಡಲು ಮಠದವರಿಗೆ ಹೇಳಿದ್ದೇವೆ. ಪ್ರತಿ ಅಮಾವಾಸ್ಯೆಯ ಮುಂಜಾನೆ 6ರಿಂದ 8ರವರೆಗೆ ಇಂಥ ಮಕ್ಕಳಿಗೂ ಅವರ ಮನೆಯವರಿಗೂ ಗದ್ದುಗೆಯ ದರ್ಶನಕ್ಕಾಗಿ ಹೊತ್ತನ್ನು ಮೀಸಲಿಡಲಾಗುವುದು. ಆ ಎರಡು ತಾಸು ಧ್ವನಿವರ್ಧಕವಿಲ್ಲ, ಗಂಟೆ ಜಾಗಟೆ ಇಲ್ಲ, ಸಾಲು ಇಲ್ಲ. ಮಗು ಓಡಾಡಿದರೆ ಓಡಾಡಲಿ. ಪ್ರಸಾದದಲ್ಲಿ ಅನ್ನ, ಸಾರು, ಹುಗ್ಗಿ ಬೇರೆ ಬೇರೆಯಾಗಿ ಬಡಿಸಲಾಗುವುದು. ಒಂದಕ್ಕೊಂದು ತಾಗಿದರೆ ಉಣ್ಣದ ಮಕ್ಕಳಿದ್ದಾರೆಂದು ಒಬ್ಬ ತಾಯಿ ನಮಗೆ ಹೇಳಿದ್ದಾಳೆ. ಮಕ್ಕಳನ್ನು ನೋಡಿಕೊಳ್ಳಲು ಆ ಹೊತ್ತಿಗೆ ಹತ್ತು ಜನ ಹಿರಿಯರು ಬೇಕಾಗಿದ್ದಾರೆ. ಬರುವವರು ಚತುರ್ದಶಿಯ ಸಂಜೆಯೊಳಗೆ ದಾಸೋಹದ ಮನೆಯಲ್ಲಿ ಹೆಸರು ಬರೆಸಿರಿ.